ಬಂಪರಿಗೊಂದು ಅಳತಿ ಕುಪ್ಪಸ

ನನ್ನ ಕಾರಿನ ಮೀಸೆ ಬೋಳಿಸಿದ್ದು ಅಕ್ಕಿಆಲೂರಿನ ಸಂತೆಗೆ ಬಂದ ಒಂದು ಜೋಡಿ ಎತ್ತು. ಮುಂದಿನ ಬಂಪರು ಭತ್ತದ ಚಕ್ಕಡಿಯ ಗಾಲಿಗೆ ಸಿಕ್ಕಿಕೊಂಡಿತು. ಎತ್ತುಗಳು ಬೆದರಿ ಓಡಿದವು, ಬಂಪರು ಅವುಗಳ ಬೆನ್ನು ಹತ್ತಿತು, ಕಾರು ಮತ್ತು ನಾನು ಅಲ್ಲೇ ಉಳಿದೆವು. ತಪ್ಪು ಎತ್ತಿನದಲ್ಲ, ಚಕ್ಕಡಿಯವನದೂ ಅಲ್ಲ. ಅಷ್ಟು ಹತ್ತಿರ ನುಗ್ಗಿಸಿದವನು ನಾನು. ವಕೀಲನಾದ್ದರಿಂದ ಇದನ್ನು ಈವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ.

ಬಂಪರಿಲ್ಲದೆ ಕಾರು ಓಡುವುದಿಲ್ಲವೇ? ಓಡುತ್ತದೆ. ಆದರೆ ನಮ್ಮಲ್ಲಿ ತಂದೆ ತೀರಿಕೊಂಡಾಗ ಮಗ ಮೀಸೆ ತೆಗೆಸುತ್ತಾನೆ. ಹಾನಗಲ್ಲಿನ ಕೋರ್ಟಿನ ಕಟ್ಟೆಯ ಮೇಲೆ ಕುಳಿತ ಕಕ್ಷಿಗಾರರು ನನ್ನ ಕಾರು ನೋಡಿ, "ಯಾರು ಹೋದ್ರಿ ಇದರ ಮನ್ಯಾಗ?" ಎಂದು ಕೇಳತೊಡಗಿದರು. ನಾನೂ ನಕ್ಕೆ. ನನ್ನ ಹೆಂಡತಿ ರಮಾಬಾಯಿ ನಗಲಿಲ್ಲ. ಹಿರೇಕೆರೂರಿನಲ್ಲಿ ಅವಳ ತಮ್ಮನಿಗೆ ಅದೇ ವಾರ ಗಂಡು ಮಗು ಹುಟ್ಟಿತ್ತು. ಹನ್ನೆರಡನೆಯ ದಿನ ತೊಟ್ಟಿಲು; ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆಯಾದ ಇವಳೇ.

"ಸೂತಕದ ಮಾರಿ ಹೊತ್ತ ಗಾಡ್ಯಾಗ ಕುಂತು ನಾ ತೊಟ್ಲಕ್ಕ ಬರಂಗಿಲ್ಲರಿ. ಸರ್ವಿಸ್ ಮೋಟಾರಿನ್ಯಾಗ ಹೋಗ್ತೇನಿ," ಎಂದಳು.

ಮನೆಯ ಮುಂದೆ ಕಾರು ನಿಂತಿರುವಾಗ ಹೆಂಡತಿ ಟಿಕೀಟು ತೆಗೆಸಿ ಬಸ್ಸು ಹತ್ತುವುದೆಂದರೇನು? ಮೊದಲೇ ಆ ನನ್ನ ಮೈದುನ ಕಂಡಾಗಲೆಲ್ಲ "ಭಾವನವ್ರ, ಆ ಡಬ್ಬಿ ಮಾರಿಬಿಡ್ರಿ" ಎನ್ನುವವನು. ನನ್ನ ಮಾನ ಹನ್ನೆರಡು ದಿನಗಳಲ್ಲಿ ಹೋಗುವುದರಲ್ಲಿತ್ತು.

ಯುದ್ಧದ ಕಾಲ, ಹೊಸ ಬಂಪರು ಕನಸಿನ ಮಾತು; ಪೆಟ್ರೋಲೂ ರೇಶನ್ನಿನಲ್ಲಿ, ಹಿರೇಕೆರೂರಿಗೆಂದು ಕೂಡಿಸಿಟ್ಟದ್ದನ್ನು ಬೇರೆಲ್ಲೂ ಸುಡುವಂತಿರಲಿಲ್ಲ. ಆದರೆ ಸವಣೂರಿನಲ್ಲಿ ಹಳೆಯ ಮೋಟಾರುಗಳ ಸಾಮಾನು ಕೂಡಿಹಾಕಿಕೊಂಡ ಒಬ್ಬ ಮುದುಕ ಸಾಹೇಬರಿದ್ದರು. ನಾನು ಶಾಸ್ತ್ರದ ಮನೆತನದವನು. ಯಜ್ಞವೇದಿಯನ್ನು ಯಜಮಾನನ ಮೈ ಅಳತೆಯಿಂದಲೇ ಕಟ್ಟಬೇಕೆಂದು ಓದಿದವನು. ಕಾರಿನ ಯಜಮಾನ ನಾನೇ ಆದ್ದರಿಂದ ಅದರ ಮೋರೆಯನ್ನು ನನ್ನ ಗೇಣಿನಿಂದಲೇ ಅಳೆದುಕೊಂಡು ಹೊರಟೆ. ಸವಣೂರಿನಲ್ಲಿ ಅಷ್ಟೇ ಗೇಣಿನ, ಕನ್ನಡಿಯಂತೆ ಹೊಳೆಯುವ ಬಂಪರು ಸಿಕ್ಕಿತು. ಮರಳುವಾಗ ಶಿಗ್ಗಾವಿಯಲ್ಲಿ ಬಸ್ಸು ಬದಲಿಸುತ್ತ ಅದನ್ನು ಮಗುವಿನಂತೆ ಇಳಿಸಿ ಏರಿಸಿದೆ. ಮನೆಗೆ ತಂದು ಹಿಡಿದರೆ ಉದ್ದ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಬೋಲ್ಟಿನ ತೂತುಗಳು ಮಾತ್ರ ಒಂದಕ್ಕೊಂದು ಮುಖ ತೋರಿಸಲಿಲ್ಲ. ಬಂಪರು ಹಿಡಿಯುವ ಕಾರಿನ ಎರಡು ಕಬ್ಬಿಣದ ತೋಳುಗಳಲ್ಲಿ ಅವು ಒಂದು ಕಡೆ, ಬಂಪರಿನಲ್ಲಿ ನಾಲ್ಕು ಬೆರಳು ಆಚೆ. ಯಜ್ಞವೇದಿಗೆ ಬೋಲ್ಟು ಇರುವುದಿಲ್ಲವೆಂಬುದು ನನಗೆ ಹೊಳೆದೇ ಇರಲಿಲ್ಲ.

ರಮಾಬಾಯಿ ಹೊರಗೆ ಬಂದು ನೋಡಿದಳು. "ಅಳತಿ ಕುಪ್ಪಸ ಒಯ್ಯಲಾರದ ಯಾರರೆ ಸಿಂಪಿಗ್ಯಾನ ಕಡೆ ಹೋಗ್ತಾರೇನ್ರಿ?"

ನಮ್ಮ ಹೆಣ್ಣುಮಕ್ಕಳು ಟೇಪು ಹಿಡಿಸಿಕೊಂಡು ಕುಪ್ಪಸ ಹೊಲಿಸುವುದಿಲ್ಲ. ಮೈಗೆ ಸರಿಯಾಗಿ ಕೂತ ಹಳೆಯದೊಂದನ್ನು ಸಿಂಪಿಗನ ಅಂಗಡಿಗೆ ಕಳಿಸುತ್ತಾರೆ; ಅದೇ ಅಳತಿ ಕುಪ್ಪಸ. ಅವಳು ನನ್ನ ಹಳೆಯ ಧೋತರ ತಂದಳು. "ದಡಿ ಹಿಡೀರಿ, ದಡಿ ಹಿಗ್ಗಂಗಿಲ್ಲ," ಎಂದು ಅಂಚನ್ನು ಕಾರಿನ ಎರಡೂ ತೋಳುಗಳ ಮೇಲೆ ಬಿಗಿಯಾಗಿ ಎಳೆಸಿದಳು. ನಾಲ್ಕು ತೂತುಗಳ ನೇರಕ್ಕೂ ಅಂಚಿನ ಮೇಲೆ ಒದ್ದೆ ಕುಂಕುಮ ಒತ್ತಿದಳು. ಮಡ್‌ಗಾರ್ಡಿನ ತುದಿಗಳಿಗೆ ಎರಡು ಅರಿಶಿನದ ಬೊಟ್ಟು, ಬಂಪರು ಆ ಬೊಟ್ಟುಗಳಿಗಿಂತ ಗಿಡ್ಡವಾಗಬಾರದೆಂದು. ಅರ್ಧ ಗಳಿಗೆಯ ಕೆಲಸ.

ಸವಣೂರಿನ ದೊಡ್ಡ ಹುಣಸೆಮರದ ನೆರಳಿನಲ್ಲಿ ನಾನು ಆ ಧೋತರ ಬಿಚ್ಚಿದಾಗ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ವಕೀಲಸಾಹೇಬ್ರ, ಬಂಪರಕ್ಕ ಧೋತರ ಉಡಸ್ತೀರೇನ್ರಿ?"

ನಾನು ಮರಳಿ ತಂದ ಮೊದಲಿನ ಬಂಪರನ್ನು ಅವರು ಬೇಸರವಿಲ್ಲದೆ ಇಟ್ಟುಕೊಂಡು, ಇದ್ದ ಬಂಪರುಗಳನ್ನೆಲ್ಲ ಒಂದೊಂದಾಗಿ ಮಲಗಿಸಿದರು. ಹೊಳೆಯುವ ಒಂದಕ್ಕೂ ಕುಂಕುಮ ಕೂಡಲಿಲ್ಲ. ತೊಟ್ಟಿಲಿಗೆ ಎರಡೇ ದಿನ ಉಳಿದಿತ್ತು. ಆಗ ಸಾಹೇಬರೇ ಎದ್ದು, ವೀಳ್ಯದೆಲೆಯ ಬುಟ್ಟಿಗಳಿಗೆ ಆಸರೆಯಾಗಿಟ್ಟಿದ್ದ ತುಕ್ಕು ಹಿಡಿದ ಒಂದನ್ನು ಎಳೆದು ತಂದರು. ದಡಿ ಹಾಸಿ ಅದರ ಮೇಲೆ ಬಂಪರು ಮಲಗಿಸಿದೆವು. ಒಂದು ತೂತು ಕೂಡಿತು. ಎರಡು. ಮೂರು. ನಾಲ್ಕನೆಯದರಿಂದ ಕುಂಕುಮ ಹುಣ್ಣಿಮೆಯ ಚಂದ್ರನಂತೆ ಇಣುಕಿತು! ಸಾಹೇಬರು ನಗು ನಿಲ್ಲಿಸಿ, "ಶಾಬಾಸ್! ಯಾರ ಅಕಲ್ ರಿ, ಯಾರ ಬುದ್ಧಿ ಇದು?" ಎಂದರು. ನಾನು ಕೇಳಿಸದವನಂತೆ ಬಂಪರು ಹೊತ್ತೆ.

ಮನೆಯಲ್ಲಿ ನಾಲ್ಕೂ ಬೋಲ್ಟುಗಳು ಬೆಣ್ಣೆಯಲ್ಲಿ ಬೆರಳು ಇಳಿದಂತೆ ಇಳಿದವು. ಸುತ್ತಿಗೆಯನ್ನು ಮುಟ್ಟಲೇ ಇಲ್ಲ. ನಲವತ್ತು ದಾಟಿದ ವಕೀಲ ಬೀದಿಯಲ್ಲಿ ನಿಂತು ಹೋ ಎಂದು ಕೂಗಿದ್ದನ್ನು ಓಣಿಯವರೆಲ್ಲ ನೋಡಿದರು. ನೋಡಲಿ.

ಕೂಡಿಸಿಟ್ಟ ಪೆಟ್ರೋಲೆಲ್ಲ ಸುರಿದು ಹಿರೇಕೆರೂರಿಗೆ ಹೊರಟೆವು. ರಮಾಬಾಯಿ ಮಹಾರಾಣಿಯಂತೆ ಪಕ್ಕದಲ್ಲಿ ಕುಳಿತಿದ್ದಳು. ಮೈದುನ ಹೊರಗೆ ಬಂದು ಬಂಪರು ಹಿಡಿದು ಅಲುಗಾಡಿಸಿದ, ಅದು ಅಲುಗಲಿಲ್ಲ. "ಯಾವ ಮಿಸ್ತ್ರಿ ಕಡೆಯಿಂದ ಹಚ್ಚಿಸಿದ್ರಿ ಭಾವನವ್ರ?" ಎಂದ. ಸವಣೂರಿನಲ್ಲಿ ನುಂಗಿದ ಮಾತು ಗಂಟಲಲ್ಲೇ ಇತ್ತು. "ಅಳತಿ ನಿಮ್ಮ ಅಕ್ಕಂದು. ನಾ ಬರೇ ಹೊತ್ತು ತಂದಾಂವ," ಎಂದೆ. ಹೇಳಿದ ಮೇಲೆ ಹಗುರೆನಿಸಿತು.

ಕೂಸಿನ ಕಿವಿಯಲ್ಲಿ ಹೆಸರು ಹೇಳಿಯಾಯಿತು. ಆಮೇಲೆ ತೊಟ್ಟಿಲ ಸುತ್ತ ಸೇರಿದ ಹೆಂಗಸರು ಹೆಸರಿನ ಸುದ್ದಿ ಬಿಟ್ಟು ಬಂಪರಿನ ಸುದ್ದಿ ಕೇಳತೊಡಗಿದರು. ನಾನು ಬಾಗಿಲಾಚೆ ನಿಂತು ಕಿವಿಗೊಟ್ಟೆ. "ಗಂಡಸ್ರು ಉದ್ದ ನೋಡ್ತಾರವ್ವ," ಎನ್ನುತ್ತಿದ್ದಳು ರಮಾಬಾಯಿ, "ಎಲ್ಲಿ ಕೂಡ್ತೈತಿ ಅನ್ನೋದು ನೋಡಂಗಿಲ್ಲ."

ಇಷ್ಟು ವರ್ಷಗಳ ವಕೀಲಿಕೆಯಲ್ಲಿ ನನ್ನ ವಿರುದ್ಧ ಬಂದ ತೀರ್ಪಿಗೆ ನಾನೇ ಚಪ್ಪಾಳೆ ತಟ್ಟಿದ್ದು ಅದೊಂದೇ ಸಲ.