ಗಂಡನ ಹೆಸರಿನ ಕಕ್ಷಿದಾರ

ಆಳಂದದ ಕೋರ್ಟಿನ ಆವರಣದಲ್ಲಿ, ಬೇವಿನ ಮರದ ಕೆಳಗೆ ಟೈಪ್ ಮಷಿನ್ ಇಟ್ಟುಕೊಂಡು ಕೂಡುವ ವಿಶ್ವಾರಾಧ್ಯ ನಾನು. ಅರ್ಜಿ, ಅಫಿಡವಿಟ್ ಬಡಿದುಕೊಡುವುದು ನನ್ನ ಕಸುಬು. ಬರುವವರ ಮೇಲೆ, ಹೋಗುವವರ ಮೇಲೆ ಸಿಡುಕುವುದು ನನ್ನ ಚಟ. ಇಡೀ ಆವರಣದಲ್ಲಿ ನಾನು ಸಿಡುಕದ ಜೀವ ಒಂದೇ, ಕಸ್ತೂರಿಬಾಯಿ. ಯಾಕೆಂದರೆ ಆಕೆ ತಿರುಗಿ ಸಿಡುಕುತ್ತಾಳೆ.

ಕಸ್ತೂರಿಬಾಯಿ ಕೋರ್ಟಿನಲ್ಲಿ ಜವಾನಳು. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದು ಆಕೆಯ ಕೆಲಸ. ಅದಕ್ಕೆ ನಾವು ಪುಕಾರು ಅನ್ನುತ್ತೇವೆ. ಒಂದು ಹೆಸರನ್ನು ಮೂರು ಸಲ ಕೂಗಬೇಕು, ಆಗಲೂ ಬಾರದಿದ್ದವನಷ್ಟೇ ಗೈರುಹಾಜರು. ಕಿಣ್ಣಿ ಸುಲ್ತಾನದ ಜೋಳದ ಹೊಲದಲ್ಲಿ ಹಕ್ಕಿ ಓಡಿಸಿ ಬೆಳೆದ ಗಂಟಲು ಆಕೆಯದು. ಒಮ್ಮೆ ಅಫಜಲಪುರದ ಬಸ್ಸು ಹತ್ತಿ ಕೂತಿದ್ದವನೊಬ್ಬ ಈಕೆಯ ಕೂಗು ಕೇಳಿ ಬಸ್ಸಿಳಿದು ಓಡಿಬಂದಿದ್ದ. ಪುಕಾರಿನಲ್ಲಿ ಗೌಡರಿಲ್ಲ, ಸಾಹುಕಾರರಿಲ್ಲ, ಧಣಿಗಳಿಲ್ಲ. ಬರೀ ಹೆಸರು, ಹೆತ್ತ ತಂದೆಯ ಹೆಸರು, ಅಷ್ಟೇ. ನನಗೆ ಕೋರ್ಟಿನಲ್ಲಿ ಬಹಳ ಸೇರಿದ ಸಂಗತಿ ಇದು.

ಇಂಥ ಗಂಡುಗಂಟಲಿನವಳಿಗೆ ಬಾಯಿಗೆ ಬಾರದ ಹೆಸರು ಒಂದಿತ್ತು. ಅದು ಆಕೆಯ ಗಂಡನದು. ಆತ ಬಸ್ ಸ್ಟ್ಯಾಂಡಿನ ಎದುರು ಬಟ್ಟೆ ಹೊಲಿಯುವ ದೌಲತರಾಯ, ಆಕಳಿನಂಥ ಸಾಧು. ಹೆಂಡತಿ ಗಂಡನ ಹೆಸರು ಹಿಡಿಯಬಾರದು ಎಂಬ ಪದ್ಧತಿಯನ್ನು ಕಸ್ತೂರಿಬಾಯಿ ಕುಂಕುಮದಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದಳು. ಮಗಳ ಹೆಸರು ಹಿಡಿದು 'ಶಿವಗಂಗಾನ ಅಪ್ಪ' ಅನ್ನುವಳು. ಮದುವೆಯ ದಿನ ಎಲ್ಲರೂ ಕಾಡಿದಾಗ ಒಡಪು ಕಟ್ಟಿ, ಪ್ರಾಸದ ತುದಿಗೆ ಹೆಸರು ಸೇರಿಸಿ ಹೇಳಿದ್ದೇ ಮೊದಲು, ಅದೇ ಕೊನೆ. ನಮ್ಮ ಕಡೆ ದೌಲತರಾಯರಿಗೇನು ಬರ? ಆ ಹೆಸರಿನವರ ಕೇಸು ಬಂದಾಗಲೆಲ್ಲ ಇನ್ನೊಬ್ಬ ಜವಾನ ಲಾಡ್ಲೆಸಾಬ ಎದ್ದು ಬಂದು ಕೂಗುತ್ತಿದ್ದ. "ಅಕ್ಕಾ, ಮಾಮಾನ ಕೇಸ್ ಬಂತು, ಸರೀರಿ" ಎಂದು ನಗುತ್ತಿದ್ದ.

ಹೋದ ವರ್ಷ ಬಂದ ದೌಲತರಾಯ ಬೇರೆ ತಳಿ. ದೊಡ್ಡ ಮುಖಂಡ. ನರೋಣಾದಲ್ಲಿ ರೇವಮ್ಮ ಎಂಬಾಕೆಯ ಹೊಲದ ದಾರಿಗೆ ಅಡ್ಡವಾಗಿ ಗೋಡೆ ಎಬ್ಬಿಸಲು ಹೊರಟಿದ್ದ. ಆಕೆ ಕೋರ್ಟಿಗೆ ಬಂದಳು. ನ್ಯಾಯಾಧೀಶೆ ಸಪ್ನಾ ಮೇಡಂ ಗೋಡೆ ಕಟ್ಟಬಾರದೆಂದು ತಡೆ ಕೊಟ್ಟರು. ಪುಣ್ಯಾತ್ಮ ಕಟ್ಟಿಯೇಬಿಟ್ಟ! ಆಜ್ಞೆ ಮೀರಿದ್ದೇಕೆ ಎಂದು ಕೋರ್ಟು ಕರೆಸಿದರೆ, ಬರುವ ಬದಲು ಸಭೆಯಲ್ಲಿ ಮೈಕು ಹಿಡಿದ.

"ನನ್ನ ಜನ ವೋಟ್ ಹಾಕಿ ಆರಿಸ್ಯಾರ. ಆ ಜಡ್ಜಮ್ಮಗ ಯಾರು ವೋಟ್ ಹಾಕ್ಯಾರ? ಮುಂದಿನ ಹಬ್ಬದೊಳಗ ಆಕಿನ್ನ ಎತ್ತಂಗಡಿ ಮಾಡಸ್ತೇನಿ ನೋಡ್ರಿ!"

ಜನ ಚಪ್ಪಾಳೆ ತಟ್ಟಿದರು. ವೋಟು ಹಾಕಿ ಆರಿಸಿದ ತಕ್ಕಡಿಯನ್ನು ಇವರು ಯಾವ ಸಂತೆಯಲ್ಲಿ ಕಂಡಿದ್ದಾರೋ! ಆಮೇಲೆ ಮೇಡಂ ಅವರ ಫೋಟೋ ಫೋನಿಂದ ಫೋನಿಗೆ ಹಾರಾಡಿತು. ಎದುರು ಪಾರ್ಟಿಯವಳು, ದುಡ್ಡು ತಿಂದವಳು ಎಂದೆಲ್ಲ ಬರೆದರು. ಗೇಟಿನ ಮುಂದೆ ಧಿಕ್ಕಾರವೂ ಆಯಿತು. ಬೈದವರಿಗೆ ತಿರುಗಿ ಬೈಯುವ ಸುಖ ನ್ಯಾಯಾಧೀಶರಿಗಿಲ್ಲ, ಪಾಪ. ನಾನಾಗಿದ್ದರೆ ಟೈಪ್ ಮಷಿನ್ ಎತ್ತಿ ಒಗೆಯುತ್ತಿದ್ದೆ. ಮೇಡಂ ಮಾತ್ರ ದಿನದಂತೆ ಬಂದು, ದಿನದಂತೆ ಕೂತು, ಮುಂದಿನ ಕೇಸು ಕರೆಯಿರಿ ಅನ್ನುತ್ತಿದ್ದರು.

ವಿಚಾರಣೆಯ ಹಿಂದಿನ ದಿನ ಮುಖಂಡನ ಬಲಗೈ ಗುರುಲಿಂಗ, ಕಸ್ತೂರಿಬಾಯಿಯನ್ನು ನಳದ ಹತ್ತಿರ ಹಿಡಿದ. ನಾನು ಅಲ್ಲೇ ಮುಖ ತೊಳೆಯುತ್ತಿದ್ದೆ.

"ಅಕ್ಕಾರ, ಲಾಡ್ಲೆಸಾಬ ಮಗಳ ಮದಿವಿಗಿ ರಜಾ ಹಾಕ್ಯಾನ. ಗಂಡನ ಹೆಸರು ನೀವು ಹಿಡಿಯೋರಲ್ಲ, ಊರಿಗೇ ಗೊತ್ತದ. ನಾಳಿ ಸುಮ್ನ ನಿಂದರ್ರಿ. ಪುಕಾರೇ ಆಗಿಲ್ಲ ಅಂತ ನಮ್ಮ ವಕೀಲರು ಹೇಳ್ತಾರ, ತಾರೀಖು ಮುಂದ ಹೋಗ್ತದ. ಅಷ್ಟೊತ್ತಿಗಿ ಹೊಸ ಜಡ್ಜ್ ಬರ್ತಾರ. ಯಾರಿಗೂ ತ್ರಾಸಿಲ್ಲ."

"ಕರದ್ರ?" ಎಂದಳು ಕಸ್ತೂರಿಬಾಯಿ.

"ಜೇವರ್ಗಿ ದೂರ ಅದರಿ ಅಕ್ಕಾರ. ಅಲ್ಲಿಗಿ ವರ್ಗ ಆದ್ರ ಮಾಮಾಗ ರೊಟ್ಟಿ ಬಡಿಯೋರು ಯಾರು?"

ಅವನು ಹೋದ ಮೇಲೆ ಆಕೆ ನನ್ನ ಮರದ ಕೆಳಗೆ ಬಂದು ಕೂತಳು. ಎಂದೂ ಕೂತವಳಲ್ಲ.

"ಸ್ವಾಮ್ಯಾರೇ, ವರ್ಗಕ್ಕ ನಾ ಅಂಜೂದಿಲ್ಲ. ಅವರಿಗಿ ರೊಟ್ಟಿ ಬಡಿಯಾಕೂ ಬರ್ತದ. ಆದ್ರ ಆ ಹೆಸರು ಗಂಟಲದಾಗೇ ನಿಂದರ್ತದ್ರಿ. ನಾ ಕರಿಯಲಿಲ್ಲಂದ್ರ ರೇವಮ್ಮನ ದಾರಿ ಹೋಯ್ತು. ಕರದ್ರ ಶಿವಗಂಗಾನ ಅಪ್ಪಗ ಏನರ ಆದ್ರ?"

"ಮೇಡಂ ಇಷ್ಟು ದೊಡ್ಡ ಮುಖಂಡಗ ಅಂಜಿಲ್ಲ. ನೀ ಗಂಡನ ಹೆಸರಿಗಿ ಅಂಜತಿ ಏನು ಬೇ?" ಎಂದು ಸಿಡುಕಿಬಿಟ್ಟೆ. ಈ ಸಲ ಆಕೆ ತಿರುಗಿ ಸಿಡುಕಲಿಲ್ಲ. ಕಣ್ಣು ತುಂಬಿಕೊಂಡು ಎದ್ದು ಹೋದಳು.

ಮರುದಿನ ಆವರಣದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಮುಖಂಡ ಗೇಟಿನ ಆಚೆ ಬಿಳಿ ಕಾರಿನಲ್ಲಿ ಗಾಜು ಏರಿಸಿಕೊಂಡು ಕೂತಿದ್ದ. ಬಂದಿದ್ದು ಹೌದು, ಒಳಗೆ ಮಾತ್ರ ಬರಲೊಲ್ಲ. ರೇವಮ್ಮ ಮೆಟ್ಟಿಲ ಮೇಲೆ ಮುದುಡಿ ಕೂತಿದ್ದಳು. ನಾನು ಕೆಲಸ ಬಿಟ್ಟು ಬಾಗಿಲ ಹತ್ತಿರ ನಿಂತೆ.

ಆ ಕೇಸು ಬಂತು. ಕಸ್ತೂರಿಬಾಯಿ ಬಾಗಿಲಿಗೆ ಬಂದಳು, ಬಾಯಿ ತೆರೆದಳು. ದನಿ ಬರಲಿಲ್ಲ.

"ನಿಮಗೆ ಕಷ್ಟವಾದರೆ ಬೇರೆಯವರು ಕೂಗಲಿ, ಕಸ್ತೂರಿಬಾಯಿ ಅವರೇ" ಎಂದರು ಮೇಡಂ, ಮೆಲ್ಲಗೆ. ಬೇರೆಯವರು! ಒಬ್ಬ ಗುಮಾಸ್ತರಿಗೆ ಕೆಮ್ಮು ಹತ್ತಿತು. ಇನ್ನೊಬ್ಬರು ಮೇಜಿನ ಕೆಳಗೆ ಪೆನ್ನು ಹುಡುಕತೊಡಗಿದರು. ಪೆನ್ನು ಅವರ ಕಿವಿಯ ಮೇಲೇ ಇತ್ತು. ಮುಖಂಡನ ವಕೀಲ ಆಗಲೇ ಕೋಟು ಸರಿಮಾಡಿಕೊಂಡು ಎದ್ದು ನಿಂತಿದ್ದ.

ಕಸ್ತೂರಿಬಾಯಿ ಮೆಟ್ಟಿಲ ಮೇಲಿದ್ದ ರೇವಮ್ಮನನ್ನು ಒಮ್ಮೆ ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಮದುಮಗಳ ಹಾಗೆ. ಕಣ್ಣು ಮುಚ್ಚಿದಳು. ಆಮೇಲೆ ಕಿಣ್ಣಿ ಸುಲ್ತಾನದ ಆ ಗಂಟಲು ತೆರೆಯಿತು ನೋಡಿ:

"ಹೊಲದ ಕಾಳಿಗಿ ತಕ್ಕಡಿ, ಊರ ಮಂದಿಗಿ ನ್ಯಾಯ,
ಕರದ್ರ ಹಾಜರಾಗಬೇಕ್ರೀ ದೌಲತರಾಯ!"

ಒಡಪು! ಕೋರ್ಟಿನ ಬಾಗಿಲಲ್ಲಿ ಒಡಪು! ಜನ ನಗಬೇಕೋ ಬೇಡವೋ ತಿಳಿಯದೆ ನಿಂತಿದ್ದಾಗ ಗೇಟಿನ ಕಡೆಯಿಂದ ಒಂದು ಕೂಗು ಎದ್ದಿತು.

"ಬಂದೇ... ಬಂದೇ!"

ಟೇಲರ್ ದೌಲತರಾಯ! ಹೆಂಡತಿಗೆ ಬುತ್ತಿ ಕೊಡಲು ಬಂದಿದ್ದನಂತೆ. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಡಬ್ಬಿ, ಜನರನ್ನು ಸರಿಸಿಕೊಂಡು ಓಡಿಬಂದು ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ. ಮುಖವೆಲ್ಲ ಬೆಳಕು.

"ಕರದ್ಯಾ? ನನ್ನ ಕರದ್ಯಾ?"

"ಅಯ್ಯ ನಿಮ್ಮನ್ನಲ್ರೀ! ಅತ್ಲಾಗ ಸರೀರಿ!"

ಆಗ ಎದ್ದಿತು ನೋಡಿ ನಗೆ! ವಕೀಲರು ನಕ್ಕರು, ಪೊಲೀಸರು ನಕ್ಕರು, ಕೆಮ್ಮುತ್ತಿದ್ದ ಗುಮಾಸ್ತರು ಕೆಮ್ಮು ಮರೆತು ನಕ್ಕರು. ಮೇಡಂ ಫೈಲು ಎತ್ತಿ ಮುಖಕ್ಕೆ ಹಿಡಿದರು, ಹೆಗಲು ಮಾತ್ರ ಕುಣಿಯುತ್ತಿತ್ತು. ಧಿಕ್ಕಾರ ಕೂಗಲು ಕರೆತಂದಿದ್ದ ಹುಡುಗರೂ ಹೊಟ್ಟೆ ಹಿಡಿದುಕೊಂಡಿದ್ದರು. ತಿಂಗಳುಗಟ್ಟಲೆ ಆವರಣದಲ್ಲಿ ಕೂತಿದ್ದ ಹೆದರಿಕೆ ಎಲ್ಲಿ ಓಡಿತೋ ಗೊತ್ತಿಲ್ಲ. ನನಗಂತೂ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಕಸ್ತೂರಿಬಾಯಿ ನಗಲಿಲ್ಲ. ಒಮ್ಮೆ ದಾಟಿದ ಹೊಸ್ತಿಲು ಮತ್ತೆ ಎತ್ತರವಾಗಿ ಕಾಣಲಿಲ್ಲವೇನೋ. ಈ ಸಲ ಒಡಪಿಲ್ಲ, ಸೆರಗಿಲ್ಲ, ಕಣ್ಣೂ ಮುಚ್ಚಲಿಲ್ಲ.

"ದೌಲತರಾಯ, ತಂದೆ ಕಲ್ಲಿನಾಥ!"

ಕಾರಿನ ಗಾಜು ಸ್ವಲ್ಪ ಇಳಿಯಿತು.

"ದೌಲತರಾಯ, ತಂದೆ ಕಲ್ಲಿನಾಥ!"

ಒಡಪೂ ಸೇರಿ ಮೂರೂ ಪುಕಾರು ಮುಗಿದವು. ಮುಖಂಡನ ವಕೀಲ ಕೋಟು ಹಾರಿಸಿಕೊಂಡು ಕಾರಿನತ್ತ ಓಡಿದ. "ಸಾಹೇಬ್ರ, ಇಳೀರಿ! ಪುಕಾರ ಆಗಿಹೋಯ್ತು. ಈಗ ಬರಲಿಲ್ಲಂದ್ರ ವಾರಂಟು!"

ಮುಖಂಡ ಇಳಿದ. ಧಿಕ್ಕಾರದ ನಡುವೆ ಎದೆಯುಬ್ಬಿಸಿ ನಡೆಯಬಹುದು, ನಗುವ ಜನರ ನಡುವೆ ಆಗದು. ತಲೆ ತಗ್ಗಿಸಿಕೊಂಡು ಬಂದು ನಿಂತ. ಸಭೆಯಲ್ಲಿ ಆಡಿದ ಮಾತುಗಳ ಬಗ್ಗೆ ಮೇಡಂ ಒಂದಕ್ಷರ ಎತ್ತಲಿಲ್ಲ. "ಗೋಡೆ ಇದೆಯೋ, ತೆಗೆದಿರೋ?" ಎಂದಷ್ಟೇ ಕೇಳಿದರು.

"ತೆಗಸ್ತೇನ್ರಿ" ಎಂದ. ತೆಗೆಸಿದ ಕೂಡ. ರೇವಮ್ಮನ ತೊಗರಿ ಈ ಸಲ ಅದೇ ದಾರಿಯಲ್ಲಿ ಮನೆಗೆ ಬಂತು. ಎತ್ತಂಗಡಿಯ ಮಾತು ಮಾತಾಗಿಯೇ ಉಳಿಯಿತು. ಮೇಡಂ ಇಲ್ಲೇ ಇದ್ದಾರೆ, ಕಸ್ತೂರಿಬಾಯಿಯೂ ಇಲ್ಲೇ ಇದ್ದಾಳೆ.

ಆ ಸಂಜೆ ನಾನು ಮಷಿನ್ನಿಗೆ ಮುಸುಕು ಹಾಕುತ್ತಿದ್ದೆ. ಟೇಲರ್ ದೌಲತರಾಯ ಅಂಗಡಿ ತೆರೆಯಲು ಹೋಗಿರಲೇ ಇಲ್ಲ, ದಿನವೆಲ್ಲ ಮರದ ಕೆಳಗೇ ಕೂತಿದ್ದ. ಕಸ್ತೂರಿಬಾಯಿ ಚೀಲ ಹಿಡಿದು ಬಂದಾಗ ಎದ್ದು, ಹೊಸ ಮದುಮಗನಂತೆ ನಾಚಿಕೊಂಡು ಕೇಳಿದ.

"ಇನ್ನೊಂದು ಸಲ ನನ್ನ ಹೆಸರು ಅನ್ನು. ಇಲ್ಲಿ ಸ್ವಾಮ್ಯಾರನ್ನ ಬಿಟ್ರ ಯಾರಿಲ್ಲ."

ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸ್ವಾಮ್ಯಾರೇ, ಶಿವಗಂಗಾನ ಅಪ್ಪನ ಮ್ಯಾಲ ನಾಳಿ ಒಂದು ದಾವಾ ಟೈಪ್ ಮಾಡ್ರಿ. ಮೂರು ಸಲ ಕರೀತೇನಿ."