ಗಿಳಿ ಕಲಿತಿದ್ದ ಒಂದೇ ಮಾತು

“ಹೊತ್ತಾತು, ನಾ ಹೊಂಟೆ” ಎಂದು ಆ ದೊಡ್ಡ ಬೂದು ಗಿಳಿ ಹೆಣ್ಣುದನಿಯಲ್ಲಿ ಹೇಳಿದಾಗ ನಾನೂ ನನ್ನ ಪತಿಯೂ ನಕ್ಕುಬಿಟ್ಟೆವು. ನಾವಿಬ್ಬರೂ ನೌಕರಿಯವರು. ಸಂಜೆ ಬಂದಾಗ ಮನೆಯಲ್ಲಿ ಮಾತಾಡುವ ಜೀವವೊಂದಿರಲಿ ಎಂದು ಗಂಗಾವತಿಯ ಹಕ್ಕಿ ಅಂಗಡಿಗೆ ಹೋಗಿದ್ದೆವು.

“ಮತ್ತೇನೇನು ಮಾತಾಡ್ತೈತ್ರಿ?” ಎಂದೆ.

ಅಂಗಡಿಯವರು ಪಂಜರವನ್ನು ನಮ್ಮತ್ತ ತಿರುಗಿಸಿದರು. “ಅಷ್ಟ ನೋಡ್ರಿ ಅಕ್ಕಾರ. ಮೊದಲಿದ್ದ ಮನ್ಯಾಗ ಗಂಡ ಹೆಂಡತಿ ಇಬ್ರೂ ಡ್ಯೂಟಿಗೆ ಹೋಗೋರು. ದಿನಾ ಮುಂಜಾನಿ ಅದು ಕೇಳಿದ್ದು ಅದೊಂದ ಮಾತು. ಒಂಟಿ ಇದ್ದು ಇದ್ದು ಪುಕ್ಕ ಕಿತ್ಕೊಂಡೈತಿ” ಎಂದರು.

ಗಿಳಿಯ ಬೋಳಾದ ಎದೆಯನ್ನು ಆಗ ನೋಡಿದೆ. ಏನೂ ಕೊಳ್ಳದೆ ಹೊರಬಂದೆವು.

ನಮ್ಮ ಮನೆಯಲ್ಲಾದರೆ ಅದರ ಕಿವಿಗೆ ಏನು ಬೀಳುತ್ತಿತ್ತು ಎಂದು ಬೈಕಿನ ಹಿಂದೆ ಕುಳಿತು ಯೋಚಿಸಿದೆ. ಭಾಗ್ಯನಗರದ ನಮ್ಮ ಮನೆ ತಲುಪುವವರೆಗೂ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ.