ಕುಕ್ಕರ್ ಸೀಟಿಗೆ ಒದರುವ ನಾಯಿಗಳೂ ಕಮಲಾಪುರದ ದುಂಡಮ್ಮನೂ

ಬೆಳಗಿನ ಆರೂಮುಕ್ಕಾಲು. ಕಲಬುರಗಿಯ ಜೇವರ್ಗಿ ಕಾಲೊನಿಯ ಮನೆಯೊಂದರ ಹಿತ್ತಲಲ್ಲಿ ದುಂಡಮ್ಮ ಕಾಲು ಚಾಚಿ ಕೂತಿದ್ದಾರೆ. ಕೈಯಲ್ಲಿ ಟವೆಲ್ ಸುತ್ತಿದ ಸ್ಟೀಲ್ ತಟ್ಟೆ. ಹತ್ತು ಹೆಜ್ಜೆ ಆಚೆ, ನೀರಿನ ತೊಟ್ಟಿಯ ಮರೆಯಲ್ಲಿ, ಬಿಳಿ ಪಾಮೇರಿಯನ್ ನಾಯಿಯೊಂದು ಕಿವಿ ನೆಟ್ಟಗೆ ಮಾಡಿ ನಿಂತಿದೆ. ದುಂಡಮ್ಮ ತಟ್ಟೆಯನ್ನು ಗೇಣುದ್ದ ಎತ್ತಿ ಕೈ ಬಿಡುತ್ತಾರೆ. ದಪ್ಪೆಂದು ಮೆತ್ತನೆಯ ಸದ್ದು. ನಾಯಿಯ ಗಂಟಲಲ್ಲಿ ಗುರುಗುಟ್ಟುವಿಕೆ ಹುಟ್ಟುವುದರೊಳಗೆ ಕೆಂಪು ಬಾಳೆಹಣ್ಣಿನ ಒಂದು ಚೂರು ಅದರ ಮೂತಿಯ ಮುಂದೆ ಬಂದು ಬೀಳುತ್ತದೆ. ನಾಯಿ ತಟ್ಟೆಯನ್ನೊಮ್ಮೆ, ಹಣ್ಣನ್ನೊಮ್ಮೆ ನೋಡಿ, ಹಣ್ಣಿಗೆ ಬಾಯಿ ಹಾಕುತ್ತದೆ.

‘ಇವತ್ತ ಇಷ್ಟ ಸಾಕು. ನಾಳಿ ಟವೆಲ್ ತೆಗೀತೀನಿ’ ಎಂದು ದುಂಡಮ್ಮ ಏಳುತ್ತಾರೆ. ಬಾಗಿಲಲ್ಲಿ ನಿಂತ ಮನೆಯೊಡತಿ ಪುತಳಾಬಾಯಿಗೆ ಕಣ್ಣನ್ನು ನಂಬಲಾಗುತ್ತಿಲ್ಲ. ಹೋದ ವಾರ ಇದೇ ನಾಯಿ ಒಂದು ಚಮಚ ಕೆಳಗೆ ಬಿದ್ದರೆ ಕಾಲು ಗಂಟೆ ಬಿಡದೆ ಬೊಗಳುತ್ತಿತ್ತು. ಮಿಕ್ಸರ್ ಹಾಕಿದರೆ ಮಂಚದ ಮೇಲೆ ಹತ್ತಿ ಕೂಗುತ್ತಿತ್ತು. ಹದಿನೈದು ದಿನದಿಂದ ಈ ಮನೆಯಲ್ಲಿ ಚಟ್ನಿ ರುಬ್ಬಿಲ್ಲ.

ಐವತ್ತೆರಡು ವರ್ಷದ ದುಂಡಮ್ಮ ಕಮಲಾಪುರದಿಂದ ದಿನವೂ ಮೊದಲ ಬಸ್ಸಿಗೆ ಹೊರಡುತ್ತಾರೆ. ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು, ಗಂಡನಿಗೆ ಬಿಸಿನೀರು ಕಾಸಿಟ್ಟು, ಐದೂಕಾಲಿಗೆ ಬಸ್ ನಿಲ್ದಾಣ. ಕಲಬುರಗಿಯಲ್ಲಿ ದಿನಕ್ಕೆ ಐದು ಮನೆ. ಅದರಲ್ಲಿ ಎರಡು ಮನೆ ಭಾಂಡೆ ಪಾತ್ರೆ ತಿಕ್ಕಲು, ಮೂರು ಮನೆ ನಾಯಿಗಾಗಿ. ಅವರ ಚೀಲದಲ್ಲಿರುವುದು ಎರಡು ತಟ್ಟೆ, ಕುಕ್ಕರಿನ ಒಂದು ಸೀಟಿ, ಕೀ ಕೊಟ್ಟರೆ ಬಡಿದುಕೊಳ್ಳುವ ಹಳೆಯ ಅಲಾರಾಂ ಗಡಿಯಾರ, ಬ್ಯಾಟರಿ ಹಾಕಿದ ಕರೆಗಂಟೆ, ನಾಲ್ಕು ಕೆಂಪು ಬಾಳೆಹಣ್ಣು ಮತ್ತು ರೊಟ್ಟಿಯ ತುಣುಕು. ಈಗ ಎರಡು ವರ್ಷದಿಂದ ಹೊಸ ಕಾಟ ಶುರುವಾಗಿದೆ ಎನ್ನುತ್ತಾರೆ. ‘ಮೊಬೈಲ್ ಬಂದಾವ ನೋಡ್ರಿ. ದಿನಾ ಒಂದ ಹಾಡು ಬದಲ್ ಮಾಡ್ತಾರ. ನಾಯಿ ಆದ್ರ ಯಾವುದಕ್ಕಂತ ರೂಢಿ ಮಾಡ್ಕೊಬೇಕು?’

ದುಂಡಮ್ಮನ ತಂದೆ ಮಲ್ಕಪ್ಪ ಕಮಲಾಪುರದ ಸೀಮೆಯಲ್ಲಿ ಕುರಿ ಕಾಯುತ್ತಿದ್ದರು. ಹಟ್ಟಿಯಲ್ಲಿ ಮೂರು ನಾಯಿ. ಯಾವ ಬೊಗಳು ತೋಳಕ್ಕೆ, ಯಾವುದು ಹಾದಿಹೋಕನಿಗೆ, ಯಾವುದು ಬರೀ ಅಂಜಿಕೆಯದು ಎಂದು ಏಳು ವರ್ಷದ ಹುಡುಗಿ ಕಂಬಳಿಯೊಳಗಿಂದಲೇ ಹೇಳುತ್ತಿದ್ದಳಂತೆ. ಮದುವೆಯಾದ ಮೇಲೆ ಗಂಡ ಕಾಶಿರಾಯನ ಜೊತೆ ಕಲಬುರಗಿಗೆ ಬಂದರು. ಕಾಶಿರಾಯ ನಂದೂರಿನ ಬೇಳೆ ಮಿಲ್ಲಿನಲ್ಲಿ ಹಮಾಲಿ. ರೋಜಾ ಬಡಾವಣೆಯ ಹತ್ತಿರ ಒಂದೇ ಕೋಣೆಯ ಖೋಲಿ. ಹತ್ತು ವರ್ಷದಲ್ಲಿ ಬೇಳೆಯ ಧೂಳು ಅವನ ಎದೆ ಹಿಡಿಯಿತು. ನಾಲ್ಕು ಹೆಜ್ಜೆ ನಡೆದರೆ ಉಬ್ಬಸ. 1986ರಲ್ಲಿ ದುಂಡಮ್ಮ ಮೊದಲ ಸಲ ಪರರ ಮನೆಯ ಭಾಂಡೆಗೆ ಕೈ ಹಾಕಿದರು. ಮುಂದೆ ಗಂಡನಿಗೆ ಊರ ಗಾಳಿಯೇ ಮೇಲೆಂದು ಕಮಲಾಪುರಕ್ಕೆ ಮರಳಿದರೂ ಕೆಲಸ ಮಾತ್ರ ಶಹರದಲ್ಲೇ ಉಳಿಯಿತು.

ನಾಯಿಯ ಕೆಲಸ ಶುರುವಾದದ್ದು ಅನ್ನ ಹೋಗುವ ಭಯದಿಂದ. ಅಂದು ಕೆಲಸ ಮಾಡುತ್ತಿದ್ದ ಮನೆಯ ನಾಯಿ ಭಾಂಡೆಯ ಸದ್ದಾದರೆ ಸಾಕು, ಒದರಿ ಮನೆ ಮೇಲೆ ಕೆಳಗೆ ಮಾಡುತ್ತಿತ್ತು. ‘ನಿನ್ನ ಕೈಯಾಗ ಭಾಳ ಆವಾಜ್ ಅದ, ನಾಳಿಂದ ಬ್ಯಾಡ’ ಎಂದರು ಮನೆಯವರು. ದುಂಡಮ್ಮ ಇಪ್ಪತ್ತು ದಿನ ಗಡುವು ಕೇಳಿದರು. ದಿನಾ ಒಂದು ಭಾಂಡೆಯನ್ನು ಬಟ್ಟೆ ಸುತ್ತಿ ದೂರದಲ್ಲಿ ಬೀಳಿಸುವುದು, ಬೊಗಳುವ ಮೊದಲೇ ರೊಟ್ಟಿ ತುಣುಕು ಕೊಡುವುದು, ಮರುದಿನ ಒಂದು ಹೆಜ್ಜೆ ಹತ್ತಿರ. ಯಾರೂ ಕಲಿಸಿದ್ದಲ್ಲ. ‘ಅಂಜಿದ ಕುರಿಮರಿಗೆ ನಮ್ಮಪ್ಪ ಹಿಂಗೇ ಮಾಡ್ತಿದ್ದ. ಬಡದ್ರ ಅಂಜಿಕಿ ಒಳಗ ಹೋಗ್ತದ್ರಿ, ಹೊರಗ ಬರಂಗಿಲ್ಲ’ ಎನ್ನುತ್ತಾರೆ. ಹದಿನೆಂಟನೆಯ ದಿನ ಹಿತ್ತಾಳೆಯ ಹಂಡೆಯೇ ಜಾರಿ ಬಿದ್ದಾಗ ನಾಯಿ ತಲೆ ಎತ್ತಿ ನೋಡಿ ಮತ್ತೆ ಮಲಗಿತು.

ಅಂದಿನಿಂದ ಈ 2004ರ ತನಕ ಅರವತ್ತಮೂರು ನಾಯಿ. ಓದು ಬರಹ ಬಾರದ ದುಂಡಮ್ಮ ಅಷ್ಟನ್ನೂ ಹೆಸರು ಹಿಡಿದು ಹೇಳಬಲ್ಲರು. ನಾಲ್ಕು ನಾಯಿಗಳು ಸುಧಾರಿಸಲಿಲ್ಲ. ಆ ನಾಲ್ಕರ ಹೆಸರನ್ನು ಮೊದಲು ಹೇಳುತ್ತಾರೆ.

ಆದರೆ ಅವರ ಬಗ್ಗೆ ಯಾರನ್ನು ಕೇಳಿದರೂ ಮಾತು ಇದೇ ಶಹರದ ಬ್ರಹ್ಮಪುರ ಬಡಾವಣೆಯ ಕರಿಯನ ಹತ್ತಿರ ಬಂದು ನಿಲ್ಲುತ್ತದೆ. ಕರಿಯ ಜಾತಿ ನಾಯಿಯಲ್ಲ, ಬೀದಿಯಿಂದ ಎತ್ತಿಕೊಂಡು ಬಂದ ಮರಿ. ದೇವೀಂದ್ರಪ್ಪ ಮತ್ತು ಲಲಿತಾಬಾಯಿ ದಂಪತಿಯ ಬಾಡಿಗೆ ಮನೆಯಲ್ಲಿ ಬೆಳೆದದ್ದು. 1997ರ ಹೊತ್ತಿಗೆ ಅದು ಕುಕ್ಕರ್ ಸೀಟಿಗೆ, ಕರೆಗಂಟೆಗೆ, ಟೆಲಿಫೋನಿಗೆ, ಬಕೀಟು ತುಂಬಿ ನೀರು ಚೆಲ್ಲುವ ಸದ್ದಿಗೆ, ಕಡೆಗೆ ಹಾಲು ಉಕ್ಕುವ ಸುಂಯ್ ಎಂಬ ಸದ್ದಿಗೂ ಬೊಗಳತೊಡಗಿತ್ತು. ಮೇಲಿನ ಮನೆಯ ಕುಲ್ಸುಮ್‌ಗೆ ಎರಡು ತಿಂಗಳ ಕೂಸು. ಮಲಗಿಸಿದಷ್ಟು ಸಲ ಎಚ್ಚರ. ಮನೆ ಮಾಲಕರು ಕೊನೆಯ ಮಾತು ಹೇಳಿಬಿಟ್ಟರು: ನಾಯಿ ಹೋಗಬೇಕು, ಇಲ್ಲವೇ ನೀವು ಹೋಗಬೇಕು. ದೇವೀಂದ್ರಪ್ಪ ಅದನ್ನು ನಗರದ ಹೊರಗಿನ ಯಾರದೋ ಇಟ್ಟಿಗೆ ಭಟ್ಟಿಗೆ ಕೊಟ್ಟುಬಿಡಲು ಮಾತಾಡಿ ಬಂದಿದ್ದರು. ಅಲ್ಲಿ ನಾಯಿಯನ್ನು ಹಗಲಿರುಳು ಸರಪಳಿಯಲ್ಲೇ ಕಟ್ಟುತ್ತಾರೆಂದು ಅವರಿಗೂ ಗೊತ್ತಿತ್ತು. ಹತ್ತು ದಿನ ನೋಡೋಣವೆಂದು ದುಂಡಮ್ಮನನ್ನು ಕರೆಸಿದರು.

ಐದು ದಿನ ಏನೂ ಆಗಲಿಲ್ಲ. ಕರಿಯ ಬಾಳೆಹಣ್ಣನ್ನೂ ಮುಟ್ಟಲಿಲ್ಲ. ‘ಉಳಿದ ನಾಯಿ ಆವಾಜ್ ಬಂದ ಕಡೆ ನೋಡಿ ಒದರ್ತಾವ್ರಿ. ಇದು ಲಲಿತಾಬಾಯಿ ಮುಖ ನೋಡಿ ಒದರ್ತಿತ್ತು. ಅಕಿ ಎದ್ದು ನಿಂತರ ಬಂದ್. ಅಂಜಿಕಿ ಅಲ್ಲ ಇದು, ಏನೋ ಬ್ಯಾರೇನೇ ಅದ ಅಂತ ನನಗ ಅನ್ನಿಸ್ತು.’

ಆರನೆಯ ದಿನ ಲಲಿತಾಬಾಯಿ ಬಜಾರಿಗೆ ಹೋಗಿದ್ದರು. ಮನೆಯಲ್ಲಿ ದುಂಡಮ್ಮ ಮತ್ತು ಕರಿಯ ಇಬ್ಬರೇ. ಒಲೆಯ ಮೇಲಿಟ್ಟ ಕುಕ್ಕರ್ ಸೀಟಿ ಹೊಡೆಯಿತು. ಕರಿಯ ಒಂದು ಕಣ್ಣು ತೆರೆದು ಮುಚ್ಚಿತು. ಎರಡನೆಯ ಸೀಟಿ. ಬಾಲವೂ ಅಲುಗಲಿಲ್ಲ. ದುಂಡಮ್ಮ ಬಾಗಿಲಿಗೆ ಹೋಗಿ ಕರೆಗಂಟೆ ಒತ್ತಿದರು, ತಟ್ಟೆ ಬೀಳಿಸಿದರು. ನಾಯಿ ಮಲಗಿಯೇ ಇತ್ತು. ಅದು ಒದರುವುದು ಲಲಿತಾಬಾಯಿ ಮನೆಯಲ್ಲಿದ್ದಾಗ ಮಾತ್ರ ಎಂದು ಅವರಿಗೆ ಹೊಳೆಯಿತು. ಲಲಿತಾಬಾಯಿ ಮರಳಿ ಬಂದು ಅಡುಗೆಮನೆಯಲ್ಲಿ ಬೆನ್ನು ಮಾಡಿ ನಿಂತಾಗ, ದುಂಡಮ್ಮ ಅವರ ಹಿಂದೆಯೇ ಬಂದು ತಟ್ಟೆಯನ್ನು ಎತ್ತರದಿಂದ ಕೈಬಿಟ್ಟರು. ಕಲ್ಲುಹಾಸಿನ ಮೇಲೆ ಅದು ಗಿರಗಿರ ತಿರುಗಿ ಕಿವಿ ತೂತಾಗುವಂತೆ ಸದ್ದು ಮಾಡಿತು. ಲಲಿತಾಬಾಯಿ ಈರುಳ್ಳಿ ಹೆಚ್ಚುತ್ತಲೇ ಇದ್ದರು. ಓಡಿಬಂದ ಕರಿಯ ಬೊಗಳಿದಾಗ, ಆ ಬೊಗಳು ಮಂದವಾಗಿ ತಾಕಿತೋ ಏನೋ, ತಿರುಗಿ ನೋಡಿದರು. ದುಂಡಮ್ಮನನ್ನೂ ನೆಲದ ಮೇಲಿನ ತಟ್ಟೆಯನ್ನೂ ನೋಡಿದವರೇ, ಗುಟ್ಟು ಬಯಲಾಯಿತೆಂದು ತಿಳಿದು, ಚಾಕು ಕೆಳಗಿಟ್ಟರು.

ಎರಡು ವರ್ಷದಿಂದ ಅವರ ಕಿವಿ ಕೆಡುತ್ತ ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ತುಟಿ ನೋಡಿ ಮಾತು ತಿಳಿಯುತ್ತಿದ್ದರು. ‘ನಮ್ಮಪ್ಪನ ತಂಗಿ, ನಮ್ಮ ಸ್ವಾದರತ್ತಿಗಿ ಕಿವಿ ಕೇಳ್ತಿದ್ದಿಲ್ಲ. ಅಕೀಗಿ ಮನ್ಯಾಗ ಯಾರೂ ಏನೂ ಹೇಳ್ತಿದ್ದಿಲ್ಲ, ಏನೂ ಕೇಳ್ತಿದ್ದಿಲ್ಲ. ಕಂಬದಂಗ ಕುಂದ್ರಿಸಿಬಿಟ್ಟಿದ್ರು. ನನಗೂ ಹಂಗೇ ಮಾಡ್ತಾರಂತ ಅಂಜಿದ್ದೆ’ ಎಂದು ಲಲಿತಾಬಾಯಿ ಈಗ ನಿಧಾನವಾಗಿ ಹೇಳುತ್ತಾರೆ. ಒಮ್ಮೆ ಹಾಲು ಉಕ್ಕಿ ಒಲೆ ನಂದಿ ಗ್ಯಾಸ್ ಸೋರುತ್ತಿದ್ದಾಗ ಕರಿಯ ಸೆರಗು ಹಿಡಿದು ಎಳೆದು ಬೊಗಳಿ ಎಬ್ಬಿಸಿತ್ತು. ಅಂದು ಅವರು ಅದನ್ನು ಅಪ್ಪಿಕೊಂಡು ಅತ್ತಿದ್ದರು. ಅಲ್ಲಿಂದ ಮನೆಯ ಒಂದೊಂದು ಸದ್ದನ್ನೂ ಅವರಿಗೆ ತಲುಪಿಸುವುದು ತನ್ನ ಕೆಲಸವೆಂದು ನಾಯಿ ಹೊತ್ತುಕೊಂಡಿತ್ತು.

ದುಂಡಮ್ಮ ಹಟ್ಟಿಯಲ್ಲಿ ಹುಟ್ಟಿ ಬೆಳೆದವರು. ನಾಯಿ ಕಂಡವರು. ‘ಇಂಥಾದ್ದು ಕಂಡಿದ್ದಿಲ್ರಿ. ನಾ ಕೈಮುಗದೆ ಅದಕ್ಕ’ ಎನ್ನುತ್ತಾರೆ. ಆದರೆ ವಿಷಯವನ್ನು ತಾವು ದೇವೀಂದ್ರಪ್ಪನವರಿಗೆ ಹೇಳಲಿಲ್ಲ. ‘ನಾಯಿ ಉಳಸೂದು ನಿಮ್ಮ ಬಾಯಾಗ ಅದ, ಬಾಯಿ. ನಾ ಹೇಳಂಗಿಲ್ಲ, ನೀವೇ ಹೇಳ್ಬೇಕು’ ಎಂದು ಲಲಿತಾಬಾಯಿಯ ಎದುರು ಕೂತು, ತುಟಿ ಕಾಣುವಂತೆ ಹೇಳಿ ಬಂದರು.

ಲಲಿತಾಬಾಯಿ ನಾಲ್ಕು ದಿನ ತೆಗೆದುಕೊಂಡರು. ಹತ್ತನೆಯ ದಿನ ಬೆಳಿಗ್ಗೆ, ಗಂಡ ಭಟ್ಟಿಗೆ ಒಯ್ಯಲೆಂದು ನಾಯಿಯ ಕೊರಳಿಗೆ ಹಗ್ಗ ಹಾಕುತ್ತಿದ್ದಾಗ, ಹೇಳಿಬಿಟ್ಟರು. ನಂದೂರಿನ ಮಿಲ್ಲೊಂದರಲ್ಲಿ ಗುಮಾಸ್ತರಾಗಿದ್ದ ದೇವೀಂದ್ರಪ್ಪ ಅಂದು ಕೆಲಸಕ್ಕೆ ಹೋಗಲಿಲ್ಲ. ‘ಮಾತಿಗೆ ಉತ್ತರ ಕೊಡಲಿಲ್ಲಂತ ಅಕೀ ಮ್ಯಾಲ ಸಿಟ್ಟಾಗ್ತಿದ್ದೆ. ಒದರ್ತದಂತ ನಾಯೀಗಿ ಹೊಡೀತಿದ್ದೆ. ಒಂದೇ ಮನ್ಯಾಗಿದ್ದು ಇಬ್ರನ್ನೂ ತಿಳ್ಕೊಂಡಿದ್ದಿಲ್ಲ’ ಎನ್ನುವಾಗ ಅವರು ಹೆಂಡತಿಯ ಕಡೆಗೇ ಮುಖ ಮಾಡಿ, ಬಿಡಿಸಿ ಬಿಡಿಸಿ ಮಾತಾಡುತ್ತಾರೆ. ಅದೀಗ ಅವರಿಗೆ ರೂಢಿ. ಮಾಲಕರ ಬಳಿ ಹೋಗಿ ಇನ್ನೊಂದು ತಿಂಗಳು ಬೇಡಿ ತಂದರು.

ನಿಜವಾದ ಕೆಲಸ ಆಮೇಲೆ. ನಾಯಿ ಹೇಳುವುದನ್ನು ನಿಲ್ಲಿಸಬಾರದು, ಹೇಳುವ ರೀತಿ ಬದಲಾಗಬೇಕು. ಲಲಿತಾಬಾಯಿ ಅಂಗೈಯಲ್ಲಿ ಬಾಳೆಹಣ್ಣು ಹಿಡಿದು ಕೈ ಇಳಿಬಿಟ್ಟು ಕೂರುವುದು. ದುಂಡಮ್ಮ ಅಡುಗೆಮನೆಯಿಂದ ಸಣ್ಣಗೆ ಸದ್ದು ಮಾಡುವುದು. ಬೊಗಳಿದರೆ ಕೈ ಮುಷ್ಟಿ. ಮೂಗು ತಾಗಿಸಿದರೆ ಹಣ್ಣು, ಜೊತೆಗೆ ಲಲಿತಾಬಾಯಿ ತಕ್ಷಣ ಎದ್ದು ಹೋಗಿ ನೋಡಬೇಕು. ‘ಅಕಿ ಎದ್ದು ಹೋಗೂದೇ ಅದಕ್ಕ ದೊಡ್ಡ ಹಣ್ಣಾಗಿತ್ತು’ ಎಂದು ದುಂಡಮ್ಮ ನಗುತ್ತಾರೆ. ದಿನಕ್ಕೆ ನಲವತ್ತು ಸಲ. ಒಂದು ದಿನವೂ ತಪ್ಪಿಸಲಿಲ್ಲ. ಗಂಡನಿಗೆ ಉಬ್ಬಸ ಹೆಚ್ಚಾದ ವಾರದಲ್ಲೂ ನೆರೆಯವರನ್ನು ಅವನ ಹತ್ತಿರ ಕೂರಿಸಿ ಬಂದರು.

ಈ ಹೊಸ ಗಡುವಿನ ಇಪ್ಪತ್ತೇಳನೆಯ ದಿನ ಕುಲ್ಸುಮ್ ಕೂಸನ್ನೆತ್ತಿಕೊಂಡು ಮೇಲಿನಿಂದ ಇಳಿದು ಬಂದರು. ಮುಖ ಸಣ್ಣಗಾಗಿತ್ತು. ‘ಕರಿಯಾಗ ಕಳಿಸಿಬಿಟ್ರೇನ್ರಿ? ಮೂರು ದಿನಾಯ್ತು, ಒಂದು ಆವಾಜಿಲ್ಲ. ನನ್ನ ಸಲುವಾಗಿ ಹೋಯ್ತು ಅಂತ ಊಟ ಸೇರಲಾಕತ್ತಿಲ್ಲ’ ಎಂದರು. ಅಷ್ಟರಲ್ಲಿ ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ಮಂಚದ ಕೆಳಗಿನಿಂದ ಎದ್ದ ಕರಿಯ ಸದ್ದಿಲ್ಲದೆ ನಡೆದು ಬಂದು ಲಲಿತಾಬಾಯಿಯ ಅಂಗೈಗೆ ಮೂಗು ಒತ್ತಿತು, ಅಡುಗೆಮನೆಯತ್ತ ತಿರುಗಿ ನಿಂತು ಕಾಯಿತು. ಅವರು ಹೋಗಿ ಒಲೆ ಸಣ್ಣ ಮಾಡಿದರು. ಕುಲ್ಸುಮ್ ಕೂಸಿನ ಮುಖವನ್ನು ಕರಿಯನ ಕಡೆಗೆ ತಿರುಗಿಸಿ ತೋರಿಸಿದರು.

ಕರಿಯನಿಗೆ ಈಗ ಹತ್ತು ವರ್ಷ, ಮೂತಿ ಬೆಳ್ಳಗಾಗಿದೆ. ಲಲಿತಾಬಾಯಿಗೆ ಕಿವಿಯ ಮಷೀನು ಬಂದಿದೆ, ಆದರೂ ಸೀಟಿಯಾದರೆ ಮೂಗು ಅಂಗೈಗೆ ಬರುವುದು ನಿಂತಿಲ್ಲ.

ಸಂಜೆ ಐದರ ಬಸ್ಸಿಗೆ ಕಾಯುತ್ತ ದುಂಡಮ್ಮ ಚೀಲವನ್ನು ಮಡಿಲಲ್ಲಿಟ್ಟು ಕೂತಿದ್ದಾರೆ. ಅವರ ಹೆಸರು ಯಾವ ಫಲಕದಲ್ಲೂ ಇಲ್ಲ. ನೀವು ದೊಡ್ಡ ಕೆಲಸ ಮಾಡಿದಿರಿ ಎಂದರೆ ಒಪ್ಪುವುದಿಲ್ಲ. ಕಮಲಾಪುರದ ಹಾದಿಯಲ್ಲಿ ಮನೆಯವರು ಬಿಟ್ಟುಹೋದ, ಕೊರಳಪಟ್ಟಿ ಇನ್ನೂ ಬಿಚ್ಚದ ನಾಯಿಗಳು, ಅಲ್ಲಿ ಬಂದು ನಿಲ್ಲುವ ಪ್ರತಿ ಕಾರಿನ ಬಾಗಿಲಿಗೂ ಓಡಿ ಹೋಗಿ ನೋಡುತ್ತವಂತೆ. ಮೊನ್ನೆಯೂ ಬಸ್ಸಿನ ಕಿಟಕಿಯಿಂದ ಒಂದನ್ನು ಕಂಡರಂತೆ. ಅದನ್ನು ಹೇಳುವಾಗ ಮಾತ್ರ ಅವರ ದನಿ ಗಟ್ಟಿಯಾಗುತ್ತದೆ.

‘ನನಗ ಏನೂ ಬ್ಯಾಡ್ರಿ. ಪೇಪರಿನ್ಯಾಗ ಇಷ್ಟ ಬರೀರಿ: ನಾಯಿ ಒದರ್ತದಂತ ಬಿಟ್ಟು ಬರೂದಕ್ಕ ಮೊದಲ, ಯಾಕ ಒದರ್ತದ ಅಂತ ಒಂದು ದಿನ ಕುಂತು ನೋಡ್ರಿ. ನಿಮಗ ತಿಳೀಲಿಲ್ಲಂದ್ರ ನನಗ ಕರೀರಿ. ನಾ ಬಂದು ಕುಂದ್ರತೀನಿ.’